ಮೊಂಡು ಬಾಯಿಯ ಇಕ್ಕಳ

ನನಗೆ ಹೇಸಿಗೆ ಬಹಳ ಬೇಗ ಆಗುತ್ತದೆ. ಹಾಲಿನ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆದವನಿಗೆ ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿಲ್ಲ. ಹುಳಿತ ಹಾಲಿನ ವಾಸನೆ, ಮೋರಿಯ ಜಾಲರಿಗೆ ಅಂಟಿದ ಹಳದಿ ಲೋಳೆ, ಮೂವತ್ತು ಜನ ಕೈ ಒರೆಸಿಕೊಳ್ಳುವ ಒಂದೇ ಒಂದು ಚಿಂದಿ. ಇವೆಲ್ಲ ಸಾಲದು ಅಂತ ನಮ್ಮ ಫೋರ್‌ಮನ್. ಸ್ಕ್ರೂಡ್ರೈವರ್ ತುದಿಯಿಂದ ಕಿವಿ ಕೆರೆದುಕೊಂಡು ಅದನ್ನೇ ತಂದು ನನ್ನ ಕೌಂಟರಿನ ಮೇಲಿಡುತ್ತಾನೆ. ಥೂ!

ಅದೇ ಕಾರ್ಖಾನೆಯಲ್ಲಿ ನನ್ನ ಚಿಕ್ಕಮ್ಮ, ಅಂದರೆ ಅಮ್ಮನ ಖಾಸಾ ತಂಗಿ, ಇಪ್ಪತ್ತಾರು ವರ್ಷದಿಂದ ಪೈಪು ಜೋಡಿಸುವ ಕೆಲಸ ಮಾಡುತ್ತಿದ್ದಳು. ನನಗೆ ಅಲ್ಲಿ ಕೆಲಸ ಸಿಕ್ಕಿದ್ದೂ ಅವಳ ಮಾತಿನಿಂದಲೇ. ಅವಳಿಗೆ ಹೇಸಿಗೆ ಎನ್ನುವುದೇ ಗೊತ್ತಿರಲಿಲ್ಲ. ಮೋರಿಗೆ ಬಿದ್ದ ಒಂದು ಉಂಗುರಕ್ಕಾಗಿ ಮೊಣಕೈವರೆಗೂ ಕೈ ಇಳಿಸಿ ತಡಕುತ್ತಿದ್ದಳು, ನಲ್ಲಿಯಲ್ಲಿ ತೊಳೆದುಕೊಂಡು ಅದೇ ಕೈಯಲ್ಲಿ ಕಿತ್ತಳೆ ಸುಲಿದು ನನಗೂ ಎರಡು ತೊಳೆ ಚಾಚುತ್ತಿದ್ದಳು. ನಾನು ಮೂಗು ಮುಚ್ಚಿಕೊಂಡರೆ, "ನಿನ್ನ ಮೂಗೊಂದು ಕಿತ್ತು ಬೀರುವಿನಲ್ಲಿಟ್ಟು ಬಾರೋ, ಕೆಲಸ ಸಲೀಸಾಗುತ್ತೆ" ಎಂದು ನಗುತ್ತಿದ್ದಳು.

ಕಾರ್ಖಾನೆಯಲ್ಲಿ ಅವಳಿಗೆ 'ಕಿವಿ ಹಿಂಡೋ ಅಕ್ಕ' ಎಂದು ಹೆಸರು. ಬಿಸಿನೀರಿನ ರಬ್ಬರ್ ಪೈಪನ್ನು ಉಕ್ಕಿನ ಕೊಳವೆಗೆ ಸಿಕ್ಕಿಸಿ ಅದರ ಮೇಲೊಂದು ತೆಳ್ಳನೆಯ ಉಂಗುರ ಹಾಕುತ್ತಾರೆ. ಅದೇ ಕ್ಲ್ಯಾಂಪು. ಅದಕ್ಕೆ ಸ್ಕ್ರೂ ಇಲ್ಲ, ಒಂದು ಕಡೆ ಉಬ್ಬಿಕೊಂಡ ಪುಟ್ಟ ಕಿವಿ ಇರುತ್ತದೆ. ಇಕ್ಕಳದಿಂದ ಆ ಕಿವಿಯ ಬುಡ ಹಿಂಡಿದರೆ ಉಂಗುರ ಬಿಗಿಯುತ್ತದೆ. ಹಿಂಡುವ ಇಕ್ಕಳದ ಬಾಯಿ ಮಾತ್ರ ಮೊಂಡಾಗಿರಬೇಕು. ಮೊಳೆ ಕೀಳುವ ಇಕ್ಕಳವೂ ನೋಡಲು ಥೇಟ್ ಹಾಗೆಯೇ ಇರುತ್ತದೆ, ಆದರೆ ಅದರ ಬಾಯಿ ಹರಿತ. ಅದು ಕಿವಿಯನ್ನು ಹಿಂಡುವುದಿಲ್ಲ, ಕಚ್ಚುತ್ತದೆ. ಕಚ್ಚಿದ ಗೆರೆ ಅವತ್ತು ಕೂದಲಿನಷ್ಟಿರುತ್ತದೆ. ದಿನಾ ಬಿಸಿನೀರು ಹರಿದು, ಕಾದು, ಆರಿ, ಒಂದು ದಿನ ಅಲ್ಲೇ ಸೀಳುತ್ತದೆ.

ಯಾವ ಹೊಸ ಇಕ್ಕಳ ಬಂದರೂ ಚಿಕ್ಕಮ್ಮ ಮೊದಲು ಒಂದು ಚೂರು ಕಾಗದ ಅದರ ಬಾಯಿಗೆ ಕೊಟ್ಟು ಒತ್ತುತ್ತಿದ್ದಳು. ಕಾಗದದ ಮೇಲೆ ಬರೀ ಗೆರೆ ಬಿದ್ದರೆ ಇಟ್ಟುಕೊಳ್ಳುತ್ತಿದ್ದಳು, ಕತ್ತರಿಸಿದರೆ ಬಡಗಿಗೆ ಕಳಿಸುತ್ತಿದ್ದಳು. ಅವಳದು ಇನ್ನೊಂದು ಕಟ್ಟುನಿಟ್ಟಿತ್ತು. ಹೊಸ ಕ್ಲ್ಯಾಂಪು ಹಾಕಿ ಮೊದಲ ಸಲ ಬಿಸಿನೀರು ಬಿಡುವಾಗ, ಬಿಗಿದವರೇ ಅದರ ಮುಂದೆ ನಿಲ್ಲಬೇಕು. ಇಪ್ಪತ್ತಾರು ವರ್ಷ ಅವಳೇ ನಿಂತಿದ್ದಳು.

ಆಮೇಲೆ ಹೊಸ ನಿಯಮ ಬಂತು. ಯಾರೂ ಸ್ವಂತ ಸಾಮಾನು ತರುವ ಹಾಗಿಲ್ಲ, ಎಲ್ಲರಿಗೂ ಒಂದೇ ಥರದ ಸೆಟ್ಟು. ಹಳೆಯವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ನನ್ನ ಸ್ಟೋರಿನಲ್ಲಿ ಬೀಗ ಹಾಕಿಸಿದರು. ಸೈಕಲ್ ಟ್ಯೂಬು ಸುತ್ತಿದ ಹಿಡಿಯ ಚಿಕ್ಕಮ್ಮನ ಇಕ್ಕಳವೂ ಅದರಲ್ಲಿತ್ತು. ಹೊಸ ಸೆಟ್ಟು ತರಿಸಿದವನು ನಾನೇ. ಕಿವಿ ಹಿಂಡುವ ಇಕ್ಕಳ ಬರಲು ಮೂರು ವಾರ ತಡ ಎಂದರು. ಫೋರ್‌ಮನ್ ತಲೆ ತಿನ್ನುತ್ತಿದ್ದ. ಲಿಸ್ಟಿನಲ್ಲಿ ಮೊಳೆ ಕೀಳುವುದನ್ನೇ ಬರೆದು ಕೈ ತೊಳೆದುಕೊಂಡೆ.

ಸೆಟ್ಟು ಬಂದ ದಿನವೇ ಚಿಕ್ಕಮ್ಮ ಸ್ಟೋರಿಗೆ ಬಂದಳು. ನನ್ನ ಕೌಂಟರಿನ ಮೇಲಿದ್ದ ಚೀಟಿಯ ಮೂಲೆ ಹರಿದು ಹೊಸ ಇಕ್ಕಳಕ್ಕೆ ಕೊಟ್ಟಳು. ಪಟ್ಟನೆ ಎರಡು ತುಂಡು.

"ಇದು ಮೊಳೆ ಕೀಳೋದು ಕಣೋ. ನನ್ನದು ಕೊಡು."

"ರೂಲ್ಸು ಚಿಕ್ಕಮ್ಮ. ನಾನೇನು ಮಾಡ್ಲಿ?"

"ಹಾಗಾದ್ರೆ ನಾನು ಇದ್ರಲ್ಲಿ ಬಿಗಿಯಲ್ಲ. ನೀನೂ ಯಾರಿಗೂ ಕೊಡಬೇಡ."

ಅವಳು ಬಿಗಿಯಲಿಲ್ಲ. ನಾನು ಮಾತ್ರ ಕೊಟ್ಟೆ. ಫೋರ್‌ಮನ್ ಬಂದು, "ಆಯಮ್ಮನ ದೊಡ್ಡಸ್ತಿಕೆ ಯಾರಿಗೆ ಬೇಕು, ನಾನೇ ಬಿಗಿತೀನಿ ಕೊಡಯ್ಯ" ಎಂದು ತೆಗೆದುಕೊಂಡು ಹೋದ. ಟ್ಯಾಂಕು ತೊಳೆಯುವ ಲೈನಿನಲ್ಲಿ ಐದು ಕ್ಲ್ಯಾಂಪು ಬಿಗಿದ. ನೀರು ಬಿಡುವಾಗ ಹತ್ತು ಹೆಜ್ಜೆ ದೂರ ನಿಂತು ಸೀಟಿ ಊದಿದ.

ಒಂಬತ್ತನೆಯ ದಿನ ಅದರಲ್ಲೊಂದು ಸೀಳಿತು. ಟ್ಯಾಂಕು ತೊಳೆಯುವಾಕೆಯ ಎಡಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆಂದುಹೋಯಿತು. ಚರ್ಮ ಸುಲಿದಿದ್ದನ್ನು ನೋಡಿ ನಾನು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಚಿಕ್ಕಮ್ಮ ಆ ಕೈಯನ್ನು ನಲ್ಲಿಯ ಕೆಳಗೆ ಹಿಡಿದುಕೊಂಡು, ಆಕೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡು, ಆಸ್ಪತ್ರೆಯ ಗಾಡಿ ಬರುವ ತನಕ ನಿಂತಿದ್ದಳು.

ಮಾರನೆಯ ದಿನ ಮ್ಯಾನೇಜರ್ ನಮ್ಮನ್ನು ಕರೆಸಿದರು. ಚಿಕ್ಕಮ್ಮ, ಫೋರ್‌ಮನ್, ನಾನು. ಮೇಜಿನ ಮೇಲೆ ಕೆನೆಗಟ್ಟಿದ ತಣ್ಣನೆಯ ಚಹಾ, ಪಕ್ಕದಲ್ಲಿ ಆ ಇಕ್ಕಳ, ಅದರ ಪಕ್ಕದಲ್ಲಿ ಟೈಪು ಮಾಡಿಟ್ಟ ಒಂದು ಹಾಳೆ. 'ಕ್ಲ್ಯಾಂಪು ಬಿಗಿಯುವಾಗ ನನ್ನಿಂದ ಅಜಾಗರೂಕತೆಯಾಗಿದೆ.' ಕೆಳಗೆ ಚಿಕ್ಕಮ್ಮನ ಸಹಿಗೆ ಜಾಗ. ಸಹಿ ಹಾಕಿದರೆ ಅವತ್ತೇ ಅವಳು ಮನೆಗೆ.

"ನಾನು ಬಿಗಿದಿದ್ದಲ್ಲ ಸಾರ್," ಎಂದಳು.

"ಪೈಪಿನ ಕೆಲಸ ನಿಮ್ಮ ಹೆಸರಲ್ಲಿದೆ ಅಲ್ವೇನಮ್ಮಾ."

"ಇಕ್ಕಳವೇ ತಪ್ಪು ಸಾರ್. ಮುರಿದ ಕ್ಲ್ಯಾಂಪಿನ ಕಿವಿ ನೋಡಿ, ಕಚ್ಚಿದ ಗುರುತಿದೆ."

ಫೋರ್‌ಮನ್ ನಕ್ಕ. "ಇಕ್ಕಳದಲ್ಲೂ ಜಾತಿ ಇರುತ್ತಾ ಸಾರ್? ಎಲ್ಲಾ ಒಂದೇ."

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಸ್ಟೋರ್‌ನವರು ನೀವು ಹೇಳಿ. ಇಕ್ಕಳ ಸರಿಯಾದದ್ದೇ ತಾನೆ?"

ನನಗೆ ಗೊತ್ತಿತ್ತು. ತುಂಡಾದ ಆ ಚೀಟಿ ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು. "ಲಿಸ್ಟ್ ಪ್ರಕಾರ ಸರಿಯಾಗಿದೆ ಸಾರ್," ಎಂದೆ. 

ಚಿಕ್ಕಮ್ಮ ಮೇಜಿನ ಮೇಲಿದ್ದ ಇಕ್ಕಳ ಎತ್ತಿಕೊಂಡು, ಆ ಹಾಳೆಯನ್ನೇ ಅದರ ಬಾಯಿಗೆ ಕೊಟ್ಟು ಒತ್ತಿದಳು. ಜರುಗಿಸಿ ಇನ್ನೊಮ್ಮೆ ಒತ್ತಿದಳು. ಹೀಗೇ ಅಂಚಿನಿಂದ ಅಂಚಿಗೆ ಹೋದಳು. ಸಹಿಯ ಜಾಗವಿದ್ದ ಕೆಳಗಿನ ತುಂಡು ಚಹಾದ ಲೋಟದ ಪಕ್ಕ ಬಿತ್ತು.

"ಕಾಗದ ಬೇರೆ, ಸ್ಟೀಲು ಬೇರೆ ಕಣಮ್ಮಾ," ಎಂದರು ಮ್ಯಾನೇಜರ್. ದನಿ ಸ್ವಲ್ಪ ಇಳಿದಿತ್ತು.

"ಹೌದು ಸಾರ್. ಇವರು ಬಿಗಿದಿರೋದು ಇನ್ನೂ ನಾಲ್ಕು ಅಲ್ಲೇ ಇವೆ. ನಾನು ಬಿಸಿನೀರು ಬಿಡ್ತೀನಿ, ಇವರು ಮುಂದೆ ನಿಂತ್ಕೊಳ್ಳಲಿ. ನಿಂತ್ರೆ ಇನ್ನೊಂದು ಹಾಳೆ ಟೈಪು ಮಾಡಿಸಿ, ಸಹಿ ಹಾಕ್ತೀನಿ."

ಫೋರ್‌ಮನ್‌ಗೆ ತಕ್ಷಣ ಬಾಯ್ಲರಿನ ಕಡೆ ಏನೋ ಕೆಲಸ ನೆನಪಾಯಿತು. ಎದ್ದೇ ಬಿಟ್ಟ. ಮ್ಯಾನೇಜರ್ ಕೂರಲು ಹೇಳಿದರು. ಅವನು ಕೂತ, ಆದರೆ ನಿಲ್ಲುತ್ತೇನೆ ಅನ್ನಲಿಲ್ಲ.

ಚಿಕ್ಕಮ್ಮ ನನ್ನನ್ನು ನೋಡಿದಳು. "ನೀನು? ಸರಿಯಾಗಿದೆ ಅಂದ್ಯಲ್ಲ. ನೀನು ನಿಂತ್ಕೋತೀಯಾ?"

ನಾನು ಚಹಾದ ಕೆನೆಯನ್ನೇ ನೋಡುತ್ತಾ ಕೂತೆ.

ಮ್ಯಾನೇಜರ್ ಹಾಳೆಯ ತುಂಡುಗಳನ್ನು ಎತ್ತಿ ಡಬ್ಬಿಗೆ ಹಾಕಿದರು. ಆ ನಾಲ್ಕನ್ನೂ ಕತ್ತರಿಸಿ ಬೇರೆ ಹಾಕಿ ಎಂದು ಚಿಕ್ಕಮ್ಮನಿಗೆ, ಅವರ ಇಕ್ಕಳ ಕೊಟ್ಟುಬಿಡಿ ಎಂದು ನನಗೆ ಹೇಳಿದರು. ಯಾರ ತಪ್ಪು ಎಂದು ಮಾತ್ರ ಅವರು ಆಮೇಲೂ ಬಾಯಿಬಿಡಲಿಲ್ಲ.

ಸ್ಟೋರಿಗೆ ಓಡಿಹೋಗಿ ಬೀಗ ತೆಗೆದೆ. ಗೋಣಿಚೀಲದೊಳಗೆ ತಡಕಿ ಸೈಕಲ್ ಟ್ಯೂಬಿನ ಹಿಡಿ ಹುಡುಕಿ ತಂದೆ. ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು. "ತಗೋ ಚಿಕ್ಕಮ್ಮ" ಎಂದು ಎರಡೂ ಕೈಯಲ್ಲಿ ಚಾಚಿದೆ. ಏನಾದರೂ ಬೈಯಲಿ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಇಕ್ಕಳ ತೆಗೆದುಕೊಂಡಳು. ಬಾಗಿಲ ಮೊಳೆಗೆ ನೇತುಹಾಕಿದ್ದ ಆ ಚಿಂದಿಯನ್ನು, ಮೂವತ್ತು ಜನರ ಕೈ ಕಂಡ ಅದೇ ಚಿಂದಿಯನ್ನು ಎಳೆದುಕೊಂಡಳು. ಹಿಡಿಯ ಮೇಲೆ ನನ್ನ ಕೈ ತಗುಲಿದ್ದ ಕಡೆ ಎರಡು ಸಲ ಚೆನ್ನಾಗಿ ಒರೆಸಿದಳು. ಆಮೇಲೆ ಕೆಲಸಕ್ಕೆ ಹೋದಳು.