ಗಂಟೆ ಮಾಮ ತಡವಾಗಿ ಬಂದ ದಿನ

ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೂ ಬೆಳಿಗ್ಗೆ ಎಂಟಾಗುತ್ತಿದ್ದಂತೆ ಗಂಟೆ ಮಾಮನ ಬಲಗೈ ತಾನಾಗಿ ಮೇಲೇಳುತ್ತದೆ. ಮೂವತ್ತೊಂದು ವರ್ಷ ಗಂಟೆಯ ಹಗ್ಗ ಎಳೆದ ಕೈ ಅದು, ಹೇಳಿದರೆ ಕೇಳುವುದಿಲ್ಲ. ಬೇಯುವ ಮಣ್ಣಿನ ಆ ವಾಸನೆ, ಮೊಣಕಾಲಿನ ತನಕ ಕೆಂಪು ಧೂಳು ಮೆತ್ತಿಕೊಂಡು ನಗುತ್ತಿದ್ದ ಆ ಜನ, ಅವರ ನಡುವೆ ಬರುತ್ತಿದ್ದ ಹೆಂಡತಿ, ಯಾವುದೂ ಈಗ ಇಲ್ಲ. 

ಆಗ ಮಾಮ ಮಾಡುತ್ತಿದ್ದ ಕೆಲಸ ಇಷ್ಟೆ. ಏಳೂವರೆಗೆ ಗೇಟು ತೆಗೆಯುವುದು, ಎಂಟಕ್ಕೆ ಗಂಟೆ ಹೊಡೆದು ಮುಚ್ಚುವುದು. ಹೊರಗುಳಿದವರ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು. ತಿಂಗಳಲ್ಲಿ ಮೂರು ಬಿದ್ದರೆ ಕೆಲಸ ಹೋಯಿತು. ಮಾಮನಿಗೆ ಮುಖಮುಲಾಜು ಎಂಬುದೇ ಇರಲಿಲ್ಲ. ಗೂಡಿಗೆ ಬೆಂಕಿ ಹಾಕುವ ಒಬ್ಬನಿದ್ದ, ಎಲ್ಲರ ಬಾಯಲ್ಲೂ ಅವನು ಆಮೆ. ಅವನು ತಡವಾಗಿ ಬಂದು ಗೇಟಿನ ಸರಳು ಹಿಡಿದು ಹಲ್ಲು ಕಿರಿದರೆ ಮಾಮ, "ಮಾಡಿದ್ದುಣ್ಣೋ ಮಹಾರಾಯ" ಎಂದು ಬೀಗ ತಿರುಗಿಸುತ್ತಿದ್ದ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾದ್ರಿಗಳ ಜೊತೆಗೂ ಇದೇ ಜಗಳ. ಬೈಬಲಿನಲ್ಲಿ ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ದುಡಿದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ ಕೊಟ್ಟ ಕಥೆ ಮಾಮನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಆ ತೋಟಕ್ಕೊಬ್ಬ ಗಂಟೆ ಹೊಡೆಯೋನು ಇರ್ಲಿಲ್ಲ ಪಾದ್ರಿಗಳೇ, ಅದಕ್ಕೇ ಹೀಗಾಯ್ತು."

"ಕೃಪೆ ಅಂದ್ರೆ ಹಾಗೇ ಕಣಯ್ಯ."

"ಕೃಪೆ ಇರ್ಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದೋನಿಗೆ ನ್ಯಾಯ ಎಲ್ಲಿ?"

ತಾನು ಬೆಳಗಿನಿಂದ ದುಡಿದವರ ಸಾಲಿನವನು ಎಂಬುದರಲ್ಲಿ ಮಾಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಹೆಂಡತಿಗೆ ಅದೇ ಕಾರ್ಖಾನೆಯಲ್ಲಿ ಹಸಿ ಹೆಂಚು ಒಣಹಾಕುವ ಕೆಲಸ. ಮಾಮ ಏಳಕ್ಕೇ ಮನೆ ಬಿಡುತ್ತಿದ್ದ. ಅವಳು ಮಾತ್ರ ಹಾಸಿಗೆ ಹಿಡಿದ ಅತ್ತೆಯನ್ನು ತೊಳೆದು, ಬಟ್ಟೆ ಬದಲಾಯಿಸಿ, ತಿನ್ನಿಸಿ, ಪಕ್ಕದ ಮನೆಯಾಕೆಗೆ ಒಪ್ಪಿಸಿ ಓಡಿ ಬರಬೇಕಿತ್ತು. ಒಂದು ತಿಂಗಳು ಅವಳ ಹೆಸರಿನ ಮುಂದೆ ಮೊದಲ ಕೆಂಪು ಗುರುತು ಬಿತ್ತು. ಎರಡನೆಯ ಸಲ ಅವಳು ಗೇಟಿಗೆ ಹತ್ತೇ ಹೆಜ್ಜೆ ದೂರದಲ್ಲಿದ್ದಳು. ತೋಳು ಇನ್ನೂ ಒದ್ದೆ. ಮಾಮ ಕಂಡ, ಕಂಡೂ ಮುಚ್ಚಿದ. ಬೇಲಿಯೇ ಎದ್ದು ಹೊಲ ಮೇಯ್ದರೆ ಉಳಿದವರಿಗೆ ಏನು ಹೇಳುವುದು?

ಸಂಜೆ ಬಡಿಸುತ್ತ ಅವಳು, "ನೀವು ಮಾಡಿದ್ದು ಸರಿ" ಎಂದಳು, ಅಷ್ಟೆ. ನಾಲ್ಕು ಮಾತು ಬೈದಿದ್ದರೆ ಅವನಿಗೆ ತುತ್ತು ಇಳಿಯುತ್ತಿತ್ತು. ಒಳಕೋಣೆಯಿಂದ ಅಮ್ಮನ ದನಿ ಬಂತು.

"ಅವಳು ಯಾಕೆ ತಡ ಅಂತ ಬರೆಯೋಕೆ ನಿನ್ನ ಪುಸ್ತಕದಲ್ಲಿ ಜಾಗ ಇಲ್ವೇನೋ?"

ಇನ್ನೊಂದು ಗುರುತು ಬಿದ್ದರೆ ಹೆಂಡತಿಯ ಕೆಲಸ ಹೋಗುತ್ತದೆ, ಅದನ್ನು ಕಳೆಯುವವನು ತಾನೇ. ಮರುದಿನ ಬೆಳಿಗ್ಗೆ, "ನೀನು ಮುಂದೆ ಹೋಗು, ಅಮ್ಮನ್ನ ನಾನು ನೋಡ್ಕೊಳ್ತೀನಿ" ಎಂದ. ಕಾಲು ಗಂಟೆಯ ಕೆಲಸ ಎಂದುಕೊಂಡಿದ್ದ. ಅಮ್ಮನನ್ನು ಮಗ್ಗುಲಿಗೆ ಹೊರಳಿಸುವುದೇ ಅವನಿಗೆ ಗೊತ್ತಿರಲಿಲ್ಲ. ಹಾಸಿಗೆಬಟ್ಟೆ ಬದಲಾಯಿಸಿ ಉಸ್ಸಪ್ಪಾ ಎನ್ನುವಷ್ಟರಲ್ಲಿ ಅದು ಮತ್ತೆ ಒದ್ದೆಯಾಯಿತು. ಅಮ್ಮ ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಹಾಗೆ ಬಿಟ್ಟು ಹೋಗುವುದು ಹೇಗೆ? ಅವನು ಮತ್ತೆ ನೀರು ಕಾಯಿಸಿದ.

ಎದ್ದೆನೋ ಬಿದ್ದೆನೋ ಎಂದು ಓಡಿದಾಗ ಎಂಟೂ ಕಾಲು. ಬೀಗದ ಕೈ ಅವನ ಜೇಬಿನಲ್ಲಿ, ಕಾರ್ಖಾನೆಯ ಜನವೆಲ್ಲ ಮುಚ್ಚಿದ ಗೇಟಿನ ಹೊರಗೆ. ಎಲ್ಲರಿಗಿಂತ ಮುಂದೆ ಹೆಂಡತಿ ನಿಂತಿದ್ದಳು. ಮಾಮ ಅಲ್ಲೇ ಇಂಗಿಹೋದ. ಆಮೆ ಅವನ ತೊಯ್ದ ತೋಳನ್ನೂ ತಪ್ಪು ಗುಂಡಿ ಹಾಕಿಕೊಂಡ ಅಂಗಿಯನ್ನೂ ನೋಡಿದ. ಬಡ್ಡಿಸಮೇತ ತೀರಿಸಿಕೊಳ್ಳಲು ಅವನಿಗೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಅವನು ಅಂದದ್ದು ಇಷ್ಟೆ:

"ಗೇಟು ತೆಗೀರಿ ಮಾಮ. ನಾವೆಲ್ಲ ಒಳಗೆ ಹೋದ್ಮೇಲೆ ನಿಧಾನವಾಗಿ ಗಂಟೆ ಹೊಡೀರಿ. ಗಂಟೆ ಆಗದೆ ಯಾರಾದ್ರೂ ತಡ ಆಗ್ತಾರಾ?"

ಜನ ನಗುತ್ತ ಒಳಗೆ ಹೋದರು. ಒಂಬತ್ತಕ್ಕೆ ಬರುವ ಮ್ಯಾನೇಜರಿಗೆ ಯಾರೂ ಚಾಡಿ ಹೇಳಲಿಲ್ಲ. ಮಾಮ ಕೆಂಪು ಪೆನ್ನು ಹಿಡಿದು ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ಹುಡುಕಿದ. ಹೆಸರೇ ಇರಲಿಲ್ಲ. ತಡವಾಗಬಹುದಾದವರಲ್ಲಿ ಗಂಟೆ ಹೊಡೆಯುವವನೂ ಒಬ್ಬ ಎಂದು ಇಷ್ಟು ವರ್ಷ ಯಾರಿಗೂ ತೋಚಿರಲಿಲ್ಲ, ಅವನಿಗಂತೂ ಸುತರಾಂ ಇಲ್ಲ. ಪುಟದ ಕೊನೆಯಲ್ಲಿ ತಾನೇ ಬರೆದುಕೊಂಡು ಗುರುತು ಹಾಕಿದ. ಅಕ್ಷರ ಮಂಜಾಗಿ ಕಾಣುತ್ತಿತ್ತು, ಕಣ್ಣು ತುಂಬಿತ್ತು.

ಅಂದಿನಿಂದ ಅಮ್ಮ ತೀರಿಕೊಳ್ಳುವ ತನಕ ಅವಳ ಬೆಳಗಿನ ಕೆಲಸ ಮಾಮನದೇ ಆಯಿತು, ನಾಲ್ಕೂವರೆಗೇ ಏಳುತ್ತಿದ್ದ. ಗೇಟೇನೋ ಎಂಟಕ್ಕೇ ಮುಚ್ಚುತ್ತಿತ್ತು. ಆದರೆ ರಸ್ತೆಯ ತಿರುವಿನಲ್ಲಿ ಯಾರಾದರೂ ಓಡಿ ಬರುತ್ತಿದ್ದರೆ ಬೀಗ ಯಾಕೋ ಮಾಮನ ಕೈಗೆ ಬೇಗ ಸಿಗುತ್ತಿರಲಿಲ್ಲ.

ಹೆಂಡತಿಯ ಹತ್ತಿರ ಕ್ಷಮೆ ಕೇಳಲು ಮಾತ್ರ ಅವನಿಗೆ ಆ ದಿನದಿಂದ ಒಂದು ವಾರ ಬೇಕಾಯಿತು. ಹಿತ್ತಲಲ್ಲಿ ಇಬ್ಬರೂ ಅಮ್ಮನ ಹೊದಿಕೆಯ ಒಂದೊಂದು ತುದಿ ಹಿಡಿದು ಹಿಂಡುತ್ತಿದ್ದಾಗ, ತಲೆ ಎತ್ತದೆ ಕೇಳಿದ.

"ಆವತ್ತು ನಿನ್ನ ಮುಖದ ಮೇಲೇ ಗೇಟು ಮುಚ್ಚಿದೆ. ಕ್ಷಮಿಸ್ತೀಯಾ?"

"ಅದನ್ನ ಅಲ್ಲೇ ನಿಂತ್ಕೊಂಡು ಕ್ಷಮಿಸಿದ್ದೆ" ಎಂದಳು ಅವಳು. "ಆಗ ನೀವಿನ್ನೂ ಬೀಗ ಹಾಕ್ತಾ ಇದ್ರಿ."