ಚೀಲ ಕೆಡವಿದವನ ಊಟ

ಗಂಗಾವತಿಯ ಒಂದು ಅಕ್ಕಿ ಗಿರಣಿಯ ಹಮಾಲರಲ್ಲಿ ಒಂದು ಕಟ್ಟಳೆಯಿತ್ತು. ಬೆನ್ನ ಮೇಲಿನ ಚೀಲ ಕೆಡವಿದವನು ಆ ದಿನ ಎಲ್ಲರ ಪಂಕ್ತಿಯಲ್ಲಿ ಉಣ್ಣುವಂತಿಲ್ಲ. ಬುತ್ತಿ ಹಿಡಿದುಕೊಂಡು ಬೇರೆ ಕೂಡಬೇಕು. ಒಂದೇ ದಿನದ ಶಿಕ್ಷೆ. ಆದರೆ ಯಮನೂರಪ್ಪ ಚೀಲ ಕೆಡವದೆಯೇ ಇಪ್ಪತ್ತು ವರ್ಷದಿಂದ ಬೇರೆ ಕೂತು ಉಣ್ಣುತ್ತಿದ್ದ.

ಹುಲಿಹೈದರದಿಂದ ಹೊಟ್ಟೆಪಾಡಿಗೆ ಬಂದವನು. ಹರೆಯದಲ್ಲಿ ಎಪ್ಪತ್ತೈದು ಕಿಲೋ ಭತ್ತ ಹೊತ್ತು, ಚೀಲಗಳ ಒಟ್ಟಿಲಿಗೆ ಹಚ್ಚಿದ ಹಲಗೆ ಏರಿದರೆ ಹಲಗೆ ನಡುಗುತ್ತಿತ್ತು, ಅವನ ಕಾಲು ನಡುಗುತ್ತಿರಲಿಲ್ಲ. ಒಂದು ದಿನ ಹಲಗೆಯ ನಟ್ಟನಡುವೆ ಕಾಲು ಜಾರಿತು. ಬಿಟ್ಟಿದ್ದರೆ ಚೀಲ ಒಡೆಯುತ್ತಿತ್ತು. ಬಿಡಲಿಲ್ಲ. ಬಗ್ಗಿ, ಎಡಕ್ಕೆ ಹೊರಳಿ, ಚೀಲವನ್ನು ಅವುಚಿ ಹಿಡಿದ. ಚೀಲ ಉಳಿಯಿತು. ಸೊಂಟದಲ್ಲಿ ಹಸಿ ಕಟ್ಟಿಗೆ ಸೀಳಿದಂಥ ಸದ್ದು ಅವನೊಬ್ಬನಿಗೇ ಕೇಳಿಸಿತು. “ಭಲೇ ಗಂಡಸ!” ಎಂದು ಮೇಸ್ತ್ರಿ ಫಕ್ರುದ್ದೀನ ಚಹಾ ತರಿಸಿದ. ಅದನ್ನು ಕುಡಿಯಲು ಯಮನೂರಪ್ಪನಿಗೆ ಎದ್ದು ಕೂಡಲಾಗಲಿಲ್ಲ.

ನಾಲ್ಕು ತಿಂಗಳು ಹಾಸಿಗೆ. ಆಮೇಲೆ ಅದೇ ಗಿರಣಿಯಲ್ಲಿ ಚೆಲ್ಲಿದ ಕಾಳು ಗುಡಿಸುವ ಕೆಲಸ. ಹೆಂಡತಿ ಅನ್ನಮ್ಮ ಇರುವತನಕ ಬೆನ್ನಿಗೆ ಎಣ್ಣೆ ತಿಕ್ಕಿದಳು. ಅವಳು ಹೋದ ಮೇಲೆ ಆ ಜಾಗಕ್ಕೆ ಅವನ ಕೈ ಎಟುಕಲಿಲ್ಲ.

ಆ ನಾಲ್ಕು ತಿಂಗಳು ಮಲಗಿದವನಿಗೆ ಯೋಚನೆಯೇ ದುಡಿಮೆ. ಜೋಳದ ದಂಟು ಹಿಡಿದು ತಾನೇ ಪರೀಕ್ಷೆ ಮಾಡಿದ್ದ. ನೆಟ್ಟಗೆ ನಿಲ್ಲಿಸಿ ಒತ್ತಿದರೆ ದಂಟು ತಡೆಯುತ್ತದೆ. ಬಗ್ಗಿಸಿದರೂ ಒಂದಿಷ್ಟು ತಾಳುತ್ತದೆ. ಬಗ್ಗಿಸಿ ತಿರುವಿದರೆ ಚಟ್ಟನೆ ಮುರಿಯುತ್ತದೆ. ಬೆನ್ನು ನೆಟ್ಟಗಿದ್ದರೆ ಭಾರ ಎಲುಬಿನಿಂದ ಎಲುಬಿಗೆ ಇಳಿದು ಕಾಲಿಗೆ, ಕಾಲಿನಿಂದ ನೆಲಕ್ಕೆ ಹೋಗುತ್ತದೆ. ತಿರುಚಿದರೆ ದಾರಿ ಸಿಗದೆ ನಡುವಿನಲ್ಲೇ ಕೂಡುತ್ತದೆ. ಇದನ್ನು ಅವನಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ.

ಹೊಸದಾಗಿ ಬಂದವರ ಮುಂದೆ ದಂಟು ಮುರಿದು ತೋರಿಸುತ್ತಿದ್ದ. “ಮಣಕಾಲು ಮಡಚಿ ಎತ್ರಪಾ. ನಡಾ ತಿರುವಬ್ಯಾಡ್ರಿ. ಕಾಲು ಜಾರಿದ್ರ ಚೀಲ ಬಿಟ್ಟುಬಿಡ್ರಿ.”

“ಬಂದ್ರು ನೋಡ್ರಿ ದಂಟಿನ ಮಾಸ್ತರು!” ಎಂದು ನಗುತ್ತಿದ್ದವನು ಈಶಪ್ಪ, ಈಗಿನ ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಆಳು. “ಚೀಲ ಕೆಡವಾದು ಕಲಿಸೋ ಸಾಲಿ ಯಾವೂರಾಗ ಐತಿ ಕಾಕಾ?”

ಹೊರುವವರ ಮುಂದೆ ಕೆಡವುವ ಮಾತು ಅಪಶಕುನ. ಅದಕ್ಕೇ ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರೇ ಅವನ ಪಕ್ಕದಿಂದ ಎದ್ದು ಹೋಗಿದ್ದರು.

ಈಶಪ್ಪ ಚೀಲ ತೆಗೆದುಕೊಳ್ಳುವಾಗ ಕಾಲು ಕದಲಿಸದೆ ನಡು ಮಾತ್ರ ತಿರುಗಿಸುತ್ತಿದ್ದ. ಯಮನೂರಪ್ಪ ಪೊರಕೆ ನಿಲ್ಲಿಸಿ ನೋಡುತ್ತಿದ್ದ. ಅಲ್ಲಿ ಹೋಗುತ್ತಿರುವುದು ತನ್ನದೇ ಹಳೆಯ ಬೆನ್ನು ಅನ್ನಿಸುತ್ತಿತ್ತು. “ನನ್ನಂಗ ಆಗಬ್ಯಾಡೋ ತಮ್ಮಾ” ಎಂದರೆ, “ನಿಂದು ದಂಟು ಕಾಕಾ, ನಂದು ಕಬ್ಬಿಣ” ಎಂಬ ಉತ್ತರ.

ಕಳೆದ ಪುಷ್ಯ ಮಾಸದಲ್ಲಿ ಒಂದು ಮುಂಜಾನೆ ಇಬ್ಬನಿ ಬಿದ್ದು ಅಂಗಳದ ಹಲಗೆ ಒದ್ದೆಯಾಗಿತ್ತು. ಈಶಪ್ಪ ಅರ್ಧ ಏರಿದ್ದ. ಕಾಲು ಜಾರಿತು. ಬಗ್ಗಿದ, ಎಡಕ್ಕೆ ಹೊರಳತೊಡಗಿದ, ತೋಳುಗಳು ಚೀಲವನ್ನು ಅವುಚಲು ಹೋದವು.

“ಬಿಡೋ ಈಶ್ಯಾ! ಬಿಡು!”

ಅಂಥ ದನಿ ತನ್ನೊಳಗೆ ಉಳಿದಿದೆಯೆಂದು ಯಮನೂರಪ್ಪನಿಗೇ ಗೊತ್ತಿರಲಿಲ್ಲ. ಈಶಪ್ಪನ ಕೈ ಸಡಿಲಾಯಿತು. ಚೀಲ ಬಿದ್ದು ಒಡೆದು ಭತ್ತ ಅಂಗಳದ ತುಂಬ ಹರಡಿತು. ಈಶಪ್ಪ ಜಿಗಿದು ಎರಡೂ ಮೊಣಕಾಲು ಮಡಚಿ ನೆಲಕ್ಕೆ ಇಳಿದ.

“ಕೆಡವಿದೆಲ್ಲೋ! ಇವತ್ತ ಬ್ಯಾರೆ ಕುಂತು ಉಣ್ಣು” ಎಂದ, ಗಡ್ಡ ನರೆತಿದ್ದ ಫಕ್ರುದ್ದೀನ.

“ನಾ ಎಲ್ಲಿ ಕೆಡವಿದ್ನಿರಿ? ಆ ಮುದುಕ ಚೀರಿ ಕೆಡವಿಸಿದ.”

ಮಧ್ಯಾಹ್ನ ಯಮನೂರಪ್ಪ ತಾನು ದಿನಾ ಉಣ್ಣಲು ಕೂಡುವ ತೂಕದ ಕಟ್ಟೆಯ ನೆರಳನ್ನು ಎರಡು ಸಲ ಗುಡಿಸಿದ. ನೀರಿನ ತಂಬಿಗೆಯನ್ನು ತನ್ನ ಮುಂದೆ ಇಟ್ಟುಕೊಳ್ಳಲಿಲ್ಲ, ಇಬ್ಬರಿಗೂ ಎಟುಕುವಂತೆ ನಡುವೆ ಇಟ್ಟ. ರೊಟ್ಟಿ ಬಿಚ್ಚಿ ಕಾದ. ಇವತ್ತು ಬೇರೆ ಕೂಡುವವರು ಇಬ್ಬರು.

ಈಶಪ್ಪ ಬುತ್ತಿ ಹಿಡಿದು ಬಂದ. ನೆರಳು ನೋಡಿದ, ತಂಬಿಗೆ ನೋಡಿದ. ದಾಟಿ ಹೋಗಿ ಅಂಗಳದಲ್ಲಿ ನಿಂತಿದ್ದ ಲಾರಿಯ ಗಾಲಿಯ ಹತ್ತಿರ, ಬಿಸಿಲಲ್ಲಿ, ಈ ಕಡೆ ಬೆನ್ನು ಮಾಡಿ ಕೂತ.

ಯಮನೂರಪ್ಪ ಆ ಬೆನ್ನನ್ನೇ ನೋಡುತ್ತ ರೊಟ್ಟಿ ಮುರಿದ.

ಉಂಡು ಈಶಪ್ಪ ಎದ್ದ. ನೆಲಕ್ಕೆ ಕೈ ಊರಲಿಲ್ಲ, ಮೊಣಕಾಲು ಹಿಡಿಯಲಿಲ್ಲ. ಎದ್ದ, ಅಷ್ಟೇ. ಅಂಗಿ ಜಾಡಿಸಿಕೊಂಡು ಇತ್ತ ನೋಡದೆ ಹೋದ.

ಯಮನೂರಪ್ಪ ಒಂದು ಕೈ ನೆಲಕ್ಕೆ ಊರಿದ, ಇನ್ನೊಂದು ಮೊಣಕಾಲಿಗೆ, ಆಮೇಲೆ ಗೋಡೆಗೆ. ಎದ್ದು ನಿಲ್ಲಲು ಎಂದಿನಷ್ಟೇ ಹೊತ್ತು ಹಿಡಿಯಿತು. ಯಾರೂ ಮುಟ್ಟದ ತಂಬಿಗೆಯ ನೀರು ಕುಡಿದು, ಪೊರಕೆ ಹಿಡಿದು, ಅಂಗಳದಲ್ಲಿ ಇನ್ನೂ ಉಳಿದಿದ್ದ ಈಶಪ್ಪನ ಭತ್ತ ಬಳಿಯಲು ಹೋದ.