ಸಾವಂತ್ರವ್ವ ಓದದ ಬಿಟ್ಟ ಎರಡ ಸಾಲು

ಹುನಗುಂದ ಬಸ್ ಸ್ಟ್ಯಾಂಡಿನ ಹಿಂದ ಒಂದ ಬಾಡಗಿ ಖೋಲಿ ಐತಿ. ಬೋರ್ಡ ಇಲ್ಲ, ಬೇಕಂತನ ಹಾಕಿಲ್ಲ. ಎಚ್‌ಐವಿ ಇದ್ದವರ ಸಂಘ ಅಂತ ಬಾಗಲಕ್ಕ ಬರದ್ರ ಒಳಗ ಯಾರ ಕಾಲಿಡ್ತಾರ ಹೇಳ್ರಿ? ಆ ಖೋಲ್ಯಾಗ ಮಂದಿಗೆ ತಿಳಿಸಿ ಹೇಳಾಕ ಕೂಡಾಕಿ ಸಾವಂತ್ರವ್ವ. ನಲವತ್ತೆಂಟ ವರ್ಷದ ಹೆಣಮಗಳು. ಗಂಡ ಇದ ರೋಗದಾಗ ಹೋದ. ಈಕಿಗೂ ಅದ ಐತಿ ಅಂತ ಗೊತ್ತಾದ ದಿನ ಅತ್ತಿಮನಿಯವರು ಗಂಗಾಳ, ಚಾಪಿ ಹೊರಗಿಟ್ರು. ಅತ್ತಿಮನಿ ಇದ್ದ ಮರೋಳದ ಓಣಿ ಕಡೆ ಆಕಿ ಮತ್ತ ಹೊಳ್ಳಿ ನೋಡ್ಲಿಲ್ಲ. ಹದಿನೆಂಟ ವರ್ಷ ಆತು, ಒಂದ ದಿನ ಗುಳಿಗಿ ತಪ್ಪಿಸಿಲ್ಲ.

ತಾ ನುಂಗಿದ್ರ ಸಾಕಾಗೂದಿಲ್ಲ, ಊರವರಿಗೂ ನುಂಗಸಬೇಕು. ಇಳಕಲ್ಲದಾಗೋ ಬಾದಾಮ್ಯಾಗೋ ಯಾರರ ಗುಳಿಗಿ ಬಿಟ್ಟಾರಂತ ಸುದ್ದಿ ಬಂದ್ರ ಬಸ್ ಹತ್ತಿ ಹೋಗಿ ಬೈದು ಬರಾಕಿ. ಬೈಗಳನೂ ಕಿವ್ಯಾಗ, ಮಂದಿಗೆ ಕೇಳಬಾರದಲ್ಲ! "ಹೆಂಡ್ತಿನ್ನ ರಂಡಮುಂಡಿ ಮಾಡಾಕ ಹರಕಿ ಹೊತ್ತಿಯೇನೋ ಖೋಡಿ?" ಅಂತ ಪಿಸುಗುಟ್ಟತಿದ್ಲು. ಡಾಕ್ಟರ ಏನರ ಹೇಳಿದ್ರ ಮಂದಿ ಮೊದಲ ಸಾವಂತ್ರವ್ವನ ಮಾರಿ ನೋಡ್ತಿದ್ರು. ಆಕಿ ಹೂಂ ಅಂದ್ರ ಖರೆ, ಇಲ್ಲಂದ್ರ ಸುಳ್ಳು. ಅದು ಆಕಿಗೆ ಭಾಳ ಸೇರ್ತಿತ್ತು ಬಿಡ್ರಿ, ಯಾಕ ಮುಚ್ಚಿಡೂದು.

ಈ ವರ್ಷದ ಮಾತು. ಒಂದ ಸೋಮವಾರ ಮುಂಜಾನೆ ಕುರಿ ಕಾಯೋ ಹುಲ್ಲಪ್ಪ ಬಂದ, ಹಿಂದ ಹೆಂಡ್ತಿ ಸುರೇಖಾ. ವರ್ಷದಾಗ ಎಂಟ ತಿಂಗಳ ಕುರಿ ಹಿಂದ ತಿರಗಾವ ಅವ, ಊರ ಕಾಣೂದ ಅಪರೂಪ. ರೋಗ ಅವಗಿತ್ತು, ಹೆಂಡ್ತಿಗಿರಲಿಲ್ಲ. ಗೊತ್ತಿದ್ದ ಮದುವಿ ಆಗಿದ್ಲು. ಹುಲ್ಲಪ್ಪ ಹೆಗಲ ಮ್ಯಾಲಿನ ಹೊಸ ಕರಿ ಕಂಬಳಿ ತಗದು ಸಾವಂತ್ರವ್ವಗ ಹೊಚ್ಚಿ ಕಾಲ ಮುಟ್ಟಿದ.

"ಏ, ಏನೋ ಇದು! ಬೀರಪ್ಪನ ಪೂಜಾರಿಗೆ ಹೊಚ್ಚಿದಂಗ ನನಗ್ಯಾಕ ಹೊಚ್ಚತಿ?"

"ನಿನ್ನಿಂದ ನನ್ನ ಮನಿ ಬೆಳಗಿತು ಯಕ್ಕಾ. ಸುರೇಖಾಗ ಐದ ತಿಂಗಳು. ಬರೋ ಐತವಾರ ಕುಬಸ. ಗಂಡ ಇಲ್ಲದಾಕಿ ಅನಬ್ಯಾಡ, ನೀನ ಬಂದು ಉಡಿ ತುಂಬಬೇಕು."

ಸಾವಂತ್ರವ್ವಗ ಹಿಗ್ಗಂದ್ರ ಹಿಗ್ಗು. ಗುಳಿಗಿ ಬರೊಬ್ಬರಿ ತಗೊಂಡು ರಕ್ತದಾಗ ವೈರಸ್ ಕಾಣದಂಗ ಆದ್ರ ಹೆಂಡ್ತಿಗೆ ಹತ್ತೂದಿಲ್ಲ, ಡಾಕ್ಟರನ್ನ ಕೇಳಿ ಕೂಸು ಹಡೀರಿ ಅಂತ ನಾಕ ವರ್ಷದಿಂದ ಬಡಕೊಂಡಾಕಿ ಈಕಿನ. ಅವರಿಗೆ ಧೈರ್ಯ ಬಂದಿರಲಿಲ್ಲ.

"ಅಂತೂ ನನ್ನ ಮಾತ ಕೇಳಿದ್ರೆಲ್ಲ. ಗುಳಿಗಿ ಟೈಮಿಗೆ ನುಂಗತಿ ಹೌದಲ್ಲ?"

"ಗುಳಿಗಿ ಇನ್ನ್ಯಾಕ ಯಕ್ಕಾ? ಸೂಜಿ ಆತಲ್ಲ."

"ಯಾ ಸೂಜಿ?"

"ನೀನ ಓದಿ ಹೇಳಿದ್ಯೆಲ್ಲ, ಆ ಹೊಸಾ ಲಸಿಕಿ. ಬಾದಾಮಿ ಕಡೆ ಕುರಿ ಹಾಕಿದ್ದಾಗ ಅಲ್ಲಿ ದವಾಖಾನ್ಯಾಗ ನನ್ನೊಬ್ಬನ್ನ ಒಳಗ ಕರದು ಹಾಕಿದ್ರು. ನಿನ್ನಂಥವರಿಗೆ ಇದು ಬೇಕಪಾ ಅಂದ್ರು. ಯಾ ರೋಗದ್ದು ಅಂತ ಮಂದಿ ಮುಂದ ಹೆಂಗ ಕೇಳ್ಲಿ? ಇದು ಅದನ ಅಂತ ನನಗ ತಿಳೀತು. ಅವತ್ತ ಬಿಟ್ಟದ್ದು, ಹತ್ತ ತಿಂಗಳಾತು, ಒಂದ ಗುಳಿಗಿ ಮುಟ್ಟಿಲ್ಲ."

ಕುರಿಗೆ ಕರಳಬ್ಯಾನಿ ಲಸಿಕಿ ಒಮ್ಮೆ ಹಾಕಿಸಿದ್ರ ಆ ವರ್ಷ ಚಿಂತಿ ಇಲ್ಲ. ಲಸಿಕಿ ಹಾಕಿದ ಕುರಿಗೆ ದಿನಾ ಗುಳಿಗಿ ಯಾರ ತಿನ್ನಸ್ತಾರ? ಹುಲ್ಲಪ್ಪ ಹುಟ್ಟಿದಾಗಿಂದ ಕಂಡದ್ದು ಅದು. ದವಾಖಾನಿಯಿಂದ ಫೋನ್ ಬಂದ್ರ "ಬ್ಯಾರೆ ಊರಾಗ ಗುಳಿಗಿ ತಗೋತೇನ್ರಿ" ಅಂದು ಇಟ್ಟುಬಿಡ್ತಿದ್ದ. ಗುಣ ಆದದ್ದನ್ನ ಯಾರಿಗೂ ಹೇಳಬಾರದು, ದೃಷ್ಟಿ ಆಗತೈತಿ ಅಂತ ಅವನ ಹೆದರಿಕಿ.

ಸಾವಂತ್ರವ್ವ ಅವನ ಕಿಸೆದಾಗಿನ ಚೀಟಿ ಇಸಕೊಂಡು ನೋಡಿದ್ಲು. ಹೆಪಟೈಟಿಸ್ ಬಿ ಅಂತ ಬರದಿತ್ತು, ಕಾಮಣಿ ರೋಗದ ಲಸಿಕಿ. ಎಚ್‌ಐವಿ ಇದ್ದವರಿಗೆ ಕಾಮಣಿ ಬರಬಾರದಂತ ಹಾಕೂದು. ಅಯ್ಯ ಶಿವನ, ಹತ್ತ ತಿಂಗಳು! ಸುರೇಖಾ ಇನ್ನೂ ನಗಾಕತ್ತಿದ್ಲು. ಆ ನಗು ನೋಡಿ ಸಾವಂತ್ರವ್ವ ಕಂಬಳಿ ಸಮೇತ ನೆಲಕ್ಕ ಕೂತ್ಲು.

ಹೋದ ವರ್ಷದ ಸಭಾ ಕಣ್ಣಮುಂದ ಬಂತು. ಪೇಪರನಾಗ ಒಂದ ಸುದ್ದಿ ಬಂದಿತ್ತು, ಈಕಿ ಎದ್ದ ನಿಂತು ಓದಿದ್ಲು. ಈ ವೈರಸ್ ರಕ್ತದ ಬಿಳಿ ಕಣದೊಳಗ ಮಲಗಿ ಅಡಗಿರತೈತಿ, ಗುಳಿಗಿ ಅಲ್ಲಿತನಕ ಮುಟ್ಟೂದಿಲ್ಲ, ಅದಕ್ಕ ಗುಳಿಗಿ ಬಿಟ್ಟಕೂಡಲೆ ಮತ್ತ ಏಳತೈತಿ. ಈಗ ಕೊರೊನಾ ಲಸಿಕ್ಯಾಗ ಹೆಸರಾದ ಎಂಆರ್‌ಎನ್‌ಎ ಅನ್ನೂದನ್ನ ಸಣ್ಣ ಕೊಬ್ಬಿನ ಹನಿಯೊಳಗ ಇಟ್ಟು ಆ ಕಣಕ್ಕ ಕಳಿಸಿ, ಅಡಗಿದ್ದನ್ನ ಹೊರಗ ಎಳಿಯೂ ದಾರಿ ವಿಜ್ಞಾನಿಗಳು ಕಂಡಾರ. ಅಷ್ಟ ಓದೂದ್ರೊಳಗ ಖೋಲಿ ಗದ್ದಲಾತು. ಮಗಳ ಸತ್ತಾಗಿಂದ ನಗದಿದ್ದ ಗುರುಲಿಂಗವ್ವ ಸೆರಗ ಬಾಯಿಗೆ ಒತ್ತಿಕೊಂಡು ನಗಾಕತ್ತಿದ್ಲು. ಯಾರೋ ಸೀಟಿ ಹೊಡದ್ರು.

ಇನ್ನ ಎರಡ ಸಾಲ ಉಳದಿದ್ವು. ಇದು ಸದ್ಯ ಪ್ರಯೋಗಶಾಲ್ಯಾಗ, ರೋಗಿಗಳು ಕೊಟ್ಟ ರಕ್ತದ ಕಣದಾಗ ಅಷ್ಟ ನಡದೈತಿ, ಮನಷ್ಯಾರಿಗೆ ಬರಾಕ ವರ್ಷಗಟ್ಟಲೆ ಬೇಕು. ಅಲ್ಲೀತನಕ ಯಾರೂ ಗುಳಿಗಿ ಬಿಡಬಾರದು. ಸಾವಂತ್ರವ್ವ ಆ ಮಾರಿಗಳನ್ನ ನೋಡಿದ್ಲು, ಪೇಪರ್ ಮಡಚಿದ್ಲು. ಇವತ್ತೊಂದ ದಿನ ನಗಲಿ, ನಾಳೆ ಒಬ್ಬೊಬ್ಬರಿಗೆ ಹೇಳಿದ್ರಾತು ಅಂದಕೊಂಡ್ಲು. ಬಂದ ಕೇಳಿದವರಿಗೆ ಹೇಳಿದ್ಲು ಖರೆ. ಹುಲ್ಲಪ್ಪ ಮರದಿನಾನ ಕುರಿ ಹೊಡಕೊಂಡ ಹೋಗಿದ್ದ.

ಆ ಸೋಮವಾರ ಇಬ್ಬರನ್ನೂ ಆಟೋದಾಗ ಕುಂಡ್ರಿಸಿಕೊಂಡು ದವಾಖಾನಿಗೆ ಓಡಿದ್ಲು. ಸುರೇಖಾನ ರಕ್ತಾ ತಗೊಂಡ್ರು. ಬಸರಿ ಅಂತ ಗೊತ್ತಾದಾಗ ಮಾಡಿಸಿದ ಟೆಸ್ಟಿನಾಗ ಏನೂ ಇರಲಿಲ್ಲ. ಈಗ ಮೂರ ಸಲ, ಮೂರ ಥರದ ಕಿಟ್ಟಿನಾಗ ನೋಡಿದ್ರು. ಮೂರೂ ಒಂದ ಮಾತ ಹೇಳಿದ್ವು, ರೋಗ ಹತ್ತೈತಿ. ಡಾಕ್ಟರ ಇವತ್ತಿಂದನ ಗುಳಿಗಿ ಚಾಲೂ ಮಾಡೂಣು, ಕೂಸನ್ನ ಉಳಿಸಿಕೊಳ್ಳಾಕ ಇನ್ನೂ ದಾರಿ ಐತಿ ಅಂದ್ರು. ಸುರೇಖಾ ಕೇಳಿದಳೋ ಇಲ್ಲೋ, ಗ್ವಾಡಿ ನೋಡ್ಕೋತ ಕೂತಿದ್ಲು.

ಹೊರಗ ಬಾಕಿನ ಮ್ಯಾಲ ಸುರೇಖಾನ ಮಗ್ಗಲ ಕೂತು ಹುಲ್ಲಪ್ಪ ಹಣಿ ಬಡಕೊಂಡ. "ನಾ ದಡ್ಡ ಸೂಳೆಮಗ! ಯಕ್ಕ ನೆಟ್ಟಗ ಹೇಳಿರಬೇಕು, ನಾ ಕುರಿ ಕಾಯಾವ ತಪ್ಪ ತಿಳಕೊಂಡ್ನಿ." ಅಲ್ಲೇ ನಿಂತ ನರ್ಸಬಾಯಿನೂ ಹೌದಂದ್ಲು, "ಸಾವಂತ್ರಕ್ಕ ಹಂಗ ಹೇಳಾಕಿ ಅಲ್ಲ ಬಿಡಪಾ."

ಸುಮ್ಮನಿದ್ರ ಮುಗೀತಿತ್ತು. ಹದಿನೆಂಟ ವರ್ಷದ ಹೆಸರ ಹಂಗ ಉಳೀತಿತ್ತು.

"ಇಲ್ಲ," ಅಂದ್ಲು ಸಾವಂತ್ರವ್ವ. "ಇನ್ನೂ ಬಂದಿಲ್ಲ, ಗುಳಿಗಿ ಬಿಡಬ್ಯಾಡ್ರಿ ಅಂತ ಅದರಾಗ ಬರದಿತ್ತು. ನಾ ಓದಲಿಲ್ಲ. ನೀವೆಲ್ಲ ನಗಾಕತ್ತಿದ್ರಿ, ಅದಕ್ಕ ಓದಲಿಲ್ಲ."

ಸುರೇಖಾ ಮೊದಲ ಸಲ ಈ ಕಡೆ ಹೊಳ್ಳಿದ್ಲು.

"ನಿನಗ ಗೊತ್ತಿತ್ತು?"

"ಗೊತ್ತಿತ್ತು."

ಡಾಕ್ಟರ ಕೊಟ್ಟಿದ್ದ ಒಂದ ಹಾಳಿ ಸುರೇಖಾನ ಕೈಯಾಗಿತ್ತು, ರೋಗ ಇದ್ದ ಬಸರಿ ಹೆಣಮಕ್ಕಳಿಗಂತ ಕನ್ನಡದಾಗ ಅಚ್ಚ ಹಾಕಿಸಿದ್ದು. ಆಕಿ ಏಳನೇತ್ತ ಕಲಿತಾಕಿ, ತಾನ ಓದಕೋಬಹುದಿತ್ತು. ಅದನ್ನ ಸಾವಂತ್ರವ್ವನ ಕೈಯಾಗ ತುರುಕಿದ್ಲು.

"ಓದು. ಪೂರಾ ಓದು, ಒಂದ ಅಕ್ಷರ ಬಿಡಬ್ಯಾಡ."

ಸಾವಂತ್ರವ್ವ ಓದಾಕ ಹತ್ತಿದ್ಲು. ಗುಳಿಗಿ ಹೊತ್ತು, ಊಟ, ಹೆರಿಗಿ ಎಲ್ಲಿ ಆಗಬೇಕು. ಆಮ್ಯಾಲ ‘ಮಗುವಿಗೆ ಸೋಂಕು ತಗಲುವ ಸಾಧ್ಯತೆ’ ಅನ್ನೋ ಸಾಲಿಗೆ ಬಂದು ದನಿ ನಿಂತ ಹೋತು.

"ಮುಂದ?" ಅಂದ್ಲು ಸುರೇಖಾ.